ಬಳೆ ಇಡುವವಳ ಉಗುರು

ಅತನೂರಿನಿಂದ ಬಂದಿದ್ದ ಆ ಹೆಂಗಸು ಮಗಳ ಮದುವೆಗೆ ಬಳೆ ಇಡಿಸಲು ಬಂದಿದ್ದಳು. ಹುಡುಗಿಯ ಎಡಗೈಗೆ ಬಳೆ ಏರಿಸಿ ಮುಗಿಸಿ ಬಲಗೈ ಹಿಡಿದಿದ್ದೆ. ತಾಯಿ ಬಳೆ ನೋಡುವುದು ಬಿಟ್ಟು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ಅಕ್ಕಾರ, ನಿಮ್ಮ ಉಗುರಿಗೆ ಏನಾಗ್ಯದರಿ?"

"ಬಾಗಲದಾಗ ಸಿಕ್ಕಿದ್ದವು" ಅಂದೆ.

"ಎಲ್ಲಾ ಬಟ್ಟೂ ಒಮ್ಮಿಗೇ ಸಿಕ್ಕಿದ್ದವೇನ್ರಿ?"

ನಾನು ಇನ್ನೊಂದು ಬಳೆ ಕೈಗೆತ್ತಿಕೊಂಡೆ. ಆಕೆ ಮಗಳ ಕೈಯನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡು, "ಉಳಿದವು ಕಟ್ಟಿ ಕೊಡ್ರಿ, ಮನ್ಯಾಗ ಇಟ್ಕೋತಾಳ" ಅಂದಳು. ಮದುವೆಯ ಹುಡುಗಿ ಒಂದು ಕೈ ತುಂಬ ಹಸಿರು ಬಳೆ, ಇನ್ನೊಂದು ಬರಿಗೈ ಮಾಡಿಕೊಂಡು ಅಂಗಡಿಯ ಮೆಟ್ಟಿಲಿಳಿದು ಹೋದಳು. ಆಮೇಲೆ ಬಹಳ ಜನ ಕೈ ಹಿಂದಕ್ಕೆ ಎಳೆದುಕೊಂಡರು. ಆದರೆ ನೆನಪಿಗೆ ಬರುವುದು ಆ ಬರಿಗೈ.

ಅಫಜಲಪುರದ ಬಜಾರಿನಲ್ಲಿ ನಮ್ಮದು ಬಳೆಯ ಅಂಗಡಿ. ನಾನು ಮಹಾನಂದಾ. ಊರಿನವರ ಬಾಯಲ್ಲಿ ಮಾನಂದಾ. ಮದುವೆಯಾಗಿ ಬಂದಾಗ ಅತ್ತೆಯೇ ಕೂರಿಸಿಕೊಂಡು ಈ ಕೆಲಸ ಕಲಿಸಿದರು. ಹೆಬ್ಬೆರಳಿನ ಬುಡ ಒತ್ತಿ, ಅಂಗೈ ಮಡಿಸಿ, ನೋವಾಗದಂತೆ ಬಳೆ ಏರಿಸುವುದು. ಬಳೆ ಯಾರಾದರೂ ಮಾರಬಹುದು. ಆದರೆ ಹೆಂಗಸರು ಅಂಗಡಿ ಹುಡುಕಿಕೊಂಡು ಬರುವುದು ಇಡುವ ಕೈಗಾಗಿ. ಆ ಕೈಯ ಉಗುರು ಕೆಟ್ಟರೆ ಏನಾಗುತ್ತದೆ ಎಂದು ನಾನೆಂದೂ ಯೋಚಿಸಿರಲಿಲ್ಲ.

ಮೊದಲು ಬಂದದ್ದು ಸಣ್ಣ ಸಣ್ಣ ಕುಳಿಗಳು. ಯಾರೋ ಸೂಜಿಯಿಂದ ಚುಚ್ಚಿದಂತೆ. ನಂತರ ಉಗುರಿನ ಅಡಿಯಲ್ಲಿ ಎಣ್ಣೆಯ ಹನಿ ಬಿದ್ದಂಥ ಹಳದಿ ಕಲೆ. ಕೊನೆಗೆ ತುದಿ ಎದ್ದು, ಕೆಳಗೆ ಬಿಳಿ ಪುಡಿ ಕೂರತೊಡಗಿತು. ನೋವು ಹೆಚ್ಚೇನಿರಲಿಲ್ಲ. ನೋವಿದ್ದಿದ್ದರೆ ಬೇಗ ದವಾಖಾನೆಗೆ ಹೋಗುತ್ತಿದ್ದೆನೋ ಏನೋ. ನೋವಿಲ್ಲದ್ದಕ್ಕೆ ಅನುಮಾನಗಳಿಗೇ ಜಾಗ ಸಿಕ್ಕಿತು.

ಹೊಸದಾಗಿ ತರಿಸಿದ್ದ ಮಿಂಚಿನ ಬಳೆಗಳ ಬಣ್ಣದ ಮೇಲೆ ಅನುಮಾನ ಬಂತು. ಆ ಪೆಟ್ಟಿಗೆಯನ್ನೇ ಅಟ್ಟಕ್ಕೆ ಹಾಕಿಸಿದೆ. ಬಟ್ಟೆ ಒಗೆಯುವ ಸಾಬೂನು ಬದಲಿಸಿದೆ. ಎದುರು ಅಂಗಡಿಯವಳು ಒಮ್ಮೆ ತನ್ನ ಉಗುರುಬಣ್ಣದ ಬಾಟಲಿ ಕೊಟ್ಟಿದ್ದಳು, ಅದರಲ್ಲಿ ಏನೋ ಬೆರೆಸಿದ್ದಳೋ ಎಂದೂ ಯೋಚಿಸಿದೆ. ಬಣ್ಣ ಹಚ್ಚಿದರೆ ಕುಳಿ ಮುಚ್ಚುತ್ತದೆ ಎಂದು ಮತ್ತೆ ಅದೇ ಬಾಟಲಿಯಿಂದ ಹಚ್ಚಿಕೊಳ್ಳುತ್ತಿದ್ದೆ ಅನ್ನುವುದು ಬೇರೆ ಮಾತು. ರಾತ್ರಿ ಅದನ್ನು ಅಳಿಸಿ, ಸೀರೆಯ ಪಿನ್ನಿನಿಂದ ಉಗುರಿನ ಸಂದಿಯ ಬಿಳಿ ಪುಡಿಯನ್ನೆಲ್ಲ ಕೆರೆದು ತೆಗೆಯುತ್ತಿದ್ದೆ. ಎಷ್ಟು ಕೆರೆದರೂ ಮರುದಿನ ಅಷ್ಟೇ ಇರುತ್ತಿತ್ತು. ಉಗುರು ಮಾತ್ರ ಇನ್ನಷ್ಟು ಮೇಲೇಳುತ್ತಿತ್ತು.

ಮನೆಯಲ್ಲಿ ಮೊದಲು ಗಮನಿಸಿದವರು ಅತ್ತೆ. ಹಿಟ್ಟು ನಾದುತ್ತಿದ್ದವಳ ಕೈ ನೋಡಿ, "ಏ ಮಾನಂದಾ, ನೀ ಏಳು. ಸುವರ್ಣಾ ಬಡೀತಾಳ ರೊಟ್ಟಿ" ಅಂದರು. ಸುವರ್ಣಾ ನನ್ನ ನೆಗೆಣಿ, ಮೈದುನನ ಹೆಂಡತಿ. ಬಂದು ನನ್ನ ಜಾಗದಲ್ಲಿ ಕೂತಳು. ಅಂದಿನಿಂದ ನನ್ನ ತಟ್ಟೆ, ನನ್ನ ಲೋಟ ಬೇರೆ ಕಡೆ ಇರತೊಡಗಿದವು. ಇಡಲು ಹೇಳಿದವರು ಅತ್ತೆಯೋ, ಸುವರ್ಣಾಳೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅಡುಗೆಮನೆಯಲ್ಲಿ ಅವರಿಬ್ಬರೂ ಮೆಲ್ಲಗೆ ಮಾತಾಡಿದಾಗಲೆಲ್ಲ ನನ್ನ ವಿಷಯವೇ ಅನ್ನಿಸುತ್ತಿತ್ತು.

ಗಂಡ ಶಿವಶರಣಪ್ಪ ಮಾತು ಕಡಿಮೆಯ ಮನುಷ್ಯ. "ದವಾಖಾನಿಗಿ ನಡಿ" ಎಂದಷ್ಟೇ ಹೇಳಿ ಊರಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಅವರು ದೂರದಿಂದಲೇ ನೋಡಿ, ನೀರಲ್ಲಿ ಕೈ ಇಟ್ಟು ಫಂಗಸ್ ಆಗಿದೆ ಅಂದರು. ಗುಳಿಗೆ ಬರೆದರು. ತಿಂಗಳುಗಟ್ಟಲೆ ನುಂಗಿದೆ. ಹೊಟ್ಟೆ ಕೆಟ್ಟಿತು, ಉಗುರು ಹಾಗೇ ಉಳಿಯಿತು. ಮತ್ತೆ ಹೋದರೆ ಅದೇ ಗುಳಿಗೆ. ಔಷಧದ ಅಂಗಡಿಯವನು ಚೀಟಿ ನೋಡುವ ಮೊದಲೇ ಗುಳಿಗೆ ತೆಗೆದಿಡುತ್ತಿದ್ದ. ಇವನೂ ಡಾಕ್ಟರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು.

ನನ್ನ ಅಕ್ಕ ಶಾಂತಾ ಆಳಂದದಲ್ಲಿದ್ದಾಳೆ. ಅವಳು ಫೋನು ಮಾಡಿ, "ಇಲ್ಲಿ ಬಾ, ಒಬ್ಬರು ಬೇರಿನ ಔಷಧ ಕೊಡ್ತಾರ, ಭಾಳ ಮಂದಿಗಿ ಕಡಿಮಿ ಆಗ್ಯದ" ಅಂದಳು. ಹೋದೆ. ಅವರು ನನ್ನ ಬೆರಳುಗಳಿಗೆ ಕಪ್ಪು ಲೇಪ ಮೆತ್ತಿ ಬಟ್ಟೆ ಕಟ್ಟಿದರು. ಅದರಲ್ಲಿ ಏನಿದೆ ಎಂದು ಕೇಳಿದರೆ ನಕ್ಕರು. ಮನೆಗೆ ಬಂದು ಬಿಚ್ಚಿದಾಗ ಉಗುರಿನ ಸುತ್ತಲಿನ ಚರ್ಮ ಕೆಂಪಾಗಿ ಬಾತಿತ್ತು. ಅಕ್ಕನಿಗೆ ಹೇಳಿದರೆ, "ಔಷಧ ಹತ್ತಾಕತ್ತದ, ತಡಿ" ಅಂದಳು. ಅಂದಿನಿಂದ, ಒಳ್ಳೆಯದಾಗುತ್ತಿದೆ ಎಂದು ಯಾರು ಹೇಳಿದರೂ ನಂಬುವುದನ್ನೇ ಬಿಟ್ಟೆ.

ಈ ಹೊತ್ತಿಗೆ ಅಂಗಡಿಯಲ್ಲಿ ನಾನು ಹಿಂದೆ ಕೂರುತ್ತಿದ್ದೆ, ಸುವರ್ಣಾ ಮುಂದೆ ಕೂತು ಬಳೆ ಇಡುತ್ತಿದ್ದಳು. ಅವಳಿಗೆ ಇನ್ನೂ ಕೈ ಪಳಗಿರಲಿಲ್ಲ, ಬಳೆ ಒಡೆಯುತ್ತಿದ್ದವು. ಹಳೆಯ ಗಿರಾಕಿಗಳು, "ಮಾನಂದಾ ಅಕ್ಕಾರ ಎಲ್ಲ್ಯಾರ?" ಎಂದು ಕೇಳಿದರೆ ನಾನು ಬಳೆಯ ಸರ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿಕೊಳ್ಳುತ್ತಿದ್ದೆ. ನನ್ನ ಜಾಗ ಹೀಗೇ ಹೋಗುತ್ತದೆ, ಅಡುಗೆಮನೆಯದು ಹೋಯಿತು, ಅಂಗಡಿಯದೂ ಹೋಯಿತು ಅನ್ನಿಸುತ್ತಿತ್ತು.

ಅತನೂರಿನ ಆ ಹೆಂಗಸು ಬಂದದ್ದು ಸುವರ್ಣಾ ತವರಿಗೆ ಹೋಗಿದ್ದ ದಿನ. ತಾಯಿ ಮಗಳು ಹೋದ ಮೇಲೆ ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಶಿವಶರಣಪ್ಪ ಬಂದು ನೋಡಿ, ಏನಾಯಿತೆಂದು ಕೇಳಿ, "ನಾಳಿಗಿ ಕಲಬುರಗಿಗಿ ಹೋಗಮು. ಚರ್ಮದ ಡಾಕ್ಟರಿಗೇ ತೋರಸಮು" ಅಂದರು.

"ಅವರೂ ಅದೇ ಗುಳಗಿ ಕೊಡ್ತಾರ" ಅಂದೆ.

"ಕೊಟ್ಟರ ತಿನಬ್ಯಾಡ. ತೋರಿಸಿ ಬರಮು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಚೌಡಾಪುರ ದಾಟುವವರೆಗೂ ಸೆರಗಿನಲ್ಲಿ ಕೈ ಸುತ್ತಿಕೊಂಡೇ ಇದ್ದೆ.

ಚರ್ಮದ ದವಾಖಾನೆಯ ಬಾಗಿಲಲ್ಲಿ ಕಾಯುವುದು ಬೇರೆಯದೇ ಒಂದು ಅನುಭವ. ಬೇರೆ ದವಾಖಾನೆಗಳಲ್ಲಿ ಜನ ಒಬ್ಬರಿಗೊಬ್ಬರು ಊರು ಯಾವುದು, ಏನಾಗಿದೆ ಎಂದು ಕೇಳುತ್ತಾರೆ. ಇಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರೂ ಏನನ್ನೋ ಮುಚ್ಚಿಕೊಂಡಿರುತ್ತಾರೆ. ಉದ್ದ ತೋಳಿನ ಅಂಗಿ, ಕುತ್ತಿಗೆಗೆ ಸುತ್ತಿದ ಟವೆಲ್, ಹಣೆಯವರೆಗೆ ಎಳೆದ ಸೆರಗು. ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಥಟ್ಟನೆ ಕೂರುವುದಿಲ್ಲ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು, ಆದರೂ ಒಬ್ಬ ಹಿರಿಯರು ಗೋಡೆಗೆ ಒರಗಿ ನಿಂತೇ ಇದ್ದರು. ನನಗೆ ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ ನಾನೂ ಆ ಹಿರಿಯರ ಕತ್ತಿನ ಮೇಲಿನ ಕಲೆಯನ್ನು ನೋಡುತ್ತ, ಅವರು ಇಲ್ಲಿ ಕೂರದೇ ಇದ್ದದ್ದು ಒಳ್ಳೆಯದಾಯಿತು ಎಂದುಕೊಂಡೆ.

ಡಾಕ್ಟರು ಹೆಣ್ಣುಮಗಳು. ನನ್ನ ಅಕ್ಕನ ಮಗಳ ವಯಸ್ಸಿನವರಂತೆ ಕಂಡರು. ಇಷ್ಟು ಸಣ್ಣವರಿಗೆ ಏನು ಗೊತ್ತಿರುತ್ತದೆ ಎಂದು ಗಂಡನ ಮುಖ ನೋಡಿದೆ. ಆಕೆ ಮಾತ್ರ ನನ್ನ ಎರಡೂ ಕೈಗಳನ್ನು ತನ್ನ ಬರಿಗೈಯಲ್ಲಿ ಹಿಡಿದು ದೀಪದ ಕೆಳಗೆ ಎಳೆದುಕೊಂಡರು. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನ ಬೆರಳುಗಳನ್ನು ಅಳುಕದೆ ಹಿಡಿದಿದ್ದರು. ನನಗೆ ಅದರ ಮೇಲೂ ಅನುಮಾನ. ಆಮೇಲೆ ಸಾಬೂನಿನಿಂದ ತಿಕ್ಕಿ ತೊಳೆಯುತ್ತಾರೇನೋ ಎಂದು ಕಾದು ನೋಡಿದೆ. ತೊಳೆಯಲಿಲ್ಲ.

"ಬಣ್ಣ ಅಳಿಸಿ ಬಂದೀರಿ, ಛಲೋ ಆತು. ತಲ್ಯಾಗ ಹೊಟ್ಟು ಅದ ಏನ್ರಿ?"

ಉಗುರು ತೋರಿಸಲು ಬಂದವಳ ತಲೆ ಯಾಕೆ? "ಎಲ್ಲಾರಿಗೂ ಇರ್ತದಲ್ರಿ" ಅಂದೆ.

ಅವರು ಎದ್ದು ಬಂದು ಕೂದಲು ಬಿಡಿಸಿ ನೋಡಿದರು. ಮೊಣಕೈ ನೋಡಿದರು. ಅಲ್ಲಿ ಒರಟಾದ ಒಂದು ಮಚ್ಚೆ ಬಹಳ ದಿನದಿಂದ ಇತ್ತು. ಅಂಗಡಿಯ ಹಲಗೆಗೆ ಮೊಣಕೈ ಊರಿ ಊರಿ ಆಗಿದ್ದೆಂದು ನಾನು ತಿಳಿದಿದ್ದೆ. ಮುಂಜಾನೆ ಎದ್ದಾಗ ಬೆರಳಿನ ಕೀಲು ಬಿಗಿಯುತ್ತವೆಯೇ ಎಂದು ಕೇಳಿದರು. ಇಲ್ಲ ಅಂದೆ. ಕೊನೆಗೆ ಕೇಳಿದರು, "ಉಗುರಿನ ಸಂದಿಯೊಳಗ ಏನು ಹಾಕಿ ತಗೀತೀರಿ?"

"ಪಿನ್ನು. ಸ್ವಚ್ಛ ಮಾಡ್ತೇನ್ರಿ."

"ಅದು ಸ್ವಚ್ಛ ಮಾಡೂದಲ್ರಿ, ದಿನಾ ಗಾಯ ಮಾಡೂದು. ಇದು ಹೊಲಸಲ್ಲ. ನೀವು ಹೊಲಸ ಇಲ್ಲ."

ಆ ಮಾತು ಕೇಳಿ ಅವರ ಮುಖ ನೋಡಲಾಗದೆ ಗೋಡೆಯ ಮೇಲಿನ ಚಿತ್ರ ನೋಡುತ್ತ ಕೂತೆ.

ಅವರು ಉಗುರಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಂಗಸ್ ಇಲ್ಲವೆಂದು ಬಂತು. ನನ್ನದು ಬೇರೆ ಯಾರದೋ ಚೂರಿನ ಜೊತೆ ಅದಲು ಬದಲಾಗಿರಬಹುದು ಎಂದು ನಾನು ಹಟ ಹಿಡಿದೆ. ಡಾಕ್ಟರಮ್ಮ ಬೇಸರ ಮಾಡಿಕೊಳ್ಳದೆ, "ಬ್ಯಾರೆ ಕಡೆ ಕೊಟ್ಟು ನೋಡ್ರಿ" ಎಂದು ಮತ್ತೊಂದು ಚೂರು ಕೊಟ್ಟರು. ಅಲ್ಲಿಯೂ ಇಲ್ಲವೆಂದೇ ಬಂತು.

"ಇದಕ್ಕ ಸೋರಿಯಾಸಿಸ್ ಅಂತಾರ" ಅಂದರು. "ಚರ್ಮಕ್ಕ ಬರ್ತದ, ಉಗುರಿಗೂ ಬರ್ತದ. ಮುಟ್ಟಿದ್ರ ಬರೂದಿಲ್ಲ. ಒಂದೇ ಗಂಗಾಳದಾಗ ಉಂಡರೂ ಬರೂದಿಲ್ಲ. ಪೂರ್ತಿ ಹೋಗ್ತದ ಅಂತ ಸುಳ್ಳ ಹೇಳೂದಿಲ್ಲ. ಕೈಯಾಗ ಇಟ್ಕೋಬಹುದು."

ಅಲ್ಲಿಯವರೆಗೆ ಸಿಕ್ಕವರೆಲ್ಲ ಪೂರ್ತಿ ಹೋಗುತ್ತದೆ ಅಂದಿದ್ದರು. ಹೋಗುವುದಿಲ್ಲ ಎಂದ ಮೊದಲಿಗರು ಇವರೇ. ಬಹುಶಃ ಅದಕ್ಕೇ ನಾನು ಅವರನ್ನು ಸ್ವಲ್ಪ ನಂಬಿದೆ.

ಉಗುರಿನ ಬುಡಕ್ಕೆ ಸೂಜಿ ಹಾಕಬೇಕೆಂದರು. "ಜರಾ ಚುರುಕ ಅಂತದ" ಅಂದರು. ಅದನ್ನು ನಂಬಬಾರದಿತ್ತು. ಮೊದಲ ಬೆರಳಿಗೆ ಸೂಜಿ ಇಳಿದಾಗ ಕಣ್ಣಲ್ಲಿ ನೀರು ಉಕ್ಕಿ ಬಂತು. ಎರಡನೆಯದಕ್ಕೆ ಕೈ ಕೊಡಲಿಲ್ಲ. ಶಿವಶರಣಪ್ಪ ಬಂದು ನನ್ನ ಮುಂಗೈ ಹಿಡಿದುಕೊಂಡು ನಿಂತರು. ಬಳೆ ಇಡಿಸಿಕೊಳ್ಳುವ ಸಣ್ಣ ಹುಡುಗಿಯರಿಗೆ ನಾನು ಹೇಳುವ ಮಾತನ್ನೇ ಅವರು ನನಗೆ ಹೇಳಿದರು. "ಕೈ ಸಡ್ಲ ಬಿಡು, ಬಿಗಿ ಹಿಡದರ ನೋವಾಗ್ತದ."

ದಿನದಿನದ ಕೆಲಸಗಳೂ ಇದ್ದವು. ಉಗುರನ್ನು ಸಣ್ಣಗೆ ನೇರವಾಗಿ ಕತ್ತರಿಸುವುದು, ಸಂದಿಗೆ ಏನನ್ನೂ ತೂರಿಸದಿರುವುದು, ನೀರು ಮುಟ್ಟಿದರೆ ಬೆರಳಿನ ಸಂದಿಯವರೆಗೆ ಒರೆಸುವುದು, ಪಾತ್ರೆ ತಿಕ್ಕುವಾಗ ಒಳಗೆ ಹತ್ತಿಯ ಗ್ಲೌಸು, ಮೇಲೆ ರಬ್ಬರಿನದು, ಮಲಗುವಾಗ ಮುಲಾಮು, ಮೇಲೆ ಕೊಬ್ಬರಿ ಎಣ್ಣೆ. ಬಣ್ಣ ಸದ್ಯಕ್ಕೆ ಬೇಡ. ಇಷ್ಟೇ? ಮನೆಯಲ್ಲಿ ಯಾರಾದರೂ ಮಾಡಬಹುದಾದದ್ದು ಇಷ್ಟೇ ಆಗಿದ್ದರೆ ಅದನ್ನು ಮೊದಲೇ ಯಾರೂ ಯಾಕೆ ಹೇಳಲಿಲ್ಲ ಎಂದು ಬಸ್ಸಿನುದ್ದಕ್ಕೂ ಗಂಡನ ಜೊತೆ ಜಗಳವಾಡಿದೆ. ಅವರು ಹೂಂ ಅಂದರು ಅಷ್ಟೇ.

ಮುಟ್ಟಿದರೆ ಬರುವುದಿಲ್ಲ ಎಂದು ಅತ್ತೆಗೆ ಹೇಳಿದಾಗ ಅವರು, "ಡಾಕ್ಟರ ಹಂಗ ಅಂತಾರ" ಅಂದರು. ನನ್ನ ತಟ್ಟೆ ಅಲ್ಲೇ ಇತ್ತು. ಆದರೆ ಪಾತ್ರೆಗಳು ಮಾತ್ರ ನಾನು ಏಳುವಷ್ಟರಲ್ಲಿ ತೊಳೆದಿಟ್ಟಿರುತ್ತಿದ್ದವು. ನೀರಲ್ಲಿ ಕೈ ಇಡಬಾರದೆಂದು ಶಿವಶರಣಪ್ಪ ಹೇಳಿದ್ದು ಕೇಳಿಸಿಕೊಂಡ ಸುವರ್ಣಾ ನನ್ನ ಪಾಲಿನ ಕೆಲಸವನ್ನೂ ಮಾಡತೊಡಗಿದ್ದಳು. ಮುಂದೊಂದು ದಿನ ಜಗಳದಲ್ಲಿ ಇದನ್ನೆಲ್ಲ ಎತ್ತಿ ಆಡುತ್ತಾಳೆ ಎಂದು ಕಾದೆ. ಆಮೇಲೆ ಎರಡು ಮೂರು ಸಲ ಜಗಳವೂ ಆಯಿತು. ಅವಳು ಎತ್ತಿ ಆಡಲಿಲ್ಲ. ಒಂದು ಮುಂಜಾನೆ ನೋಡಿದರೆ ನನ್ನ ತಟ್ಟೆ ಮತ್ತೆ ಎಲ್ಲರ ತಟ್ಟೆಗಳ ನಡುವೆ ಸೇರಿತ್ತು. ಯಾರು ಇಟ್ಟರೆಂದು ಈ ಸಲವೂ ಕೇಳಲಿಲ್ಲ.

ಬಲಗೈಯ ಉಗುರು ಕತ್ತರಿಸಲು ನನ್ನ ಎಡಗೈಗೆ ಬರುತ್ತಿರಲಿಲ್ಲ. ಶಿವಶರಣಪ್ಪನೇ ಅಂಗಳದ ಬಿಸಿಲಲ್ಲಿ ಕೂತು ಕತ್ತರಿಸಿಕೊಡುತ್ತಿದ್ದರು. ಶುಕ್ರವಾರ ಉಗುರು ತೆಗೆಯಬಾರದೆಂದು ಅತ್ತೆ ಒಳಗಿನಿಂದ ಗೊಣಗುತ್ತಿದ್ದರು. ಶಿವಶರಣಪ್ಪ ಬೇಕೆಂದೇ ಶುಕ್ರವಾರವೇ ಕೂರುತ್ತಿದ್ದರು ಎಂದು ನನ್ನ ಅನುಮಾನ.

ಉಗುರು ಬೆಳೆಯುವಷ್ಟು ನಿಧಾನವಾಗಿ ಬೇರೆ ಯಾವುದೂ ಬೆಳೆಯುವುದಿಲ್ಲ. ಎದ್ದ ಕೂಡಲೇ ಬೆಳಕಿಗೆ ಕೈ ಹಿಡಿಯುತ್ತಿದ್ದೆ. ಬುಡದಲ್ಲಿ ಅಕ್ಕಿಯ ನುಚ್ಚಿನಷ್ಟು ನುಣುಪು ಕಂಡಾಗ ಅದು ಬೆಳಕಿನ ಮೋಸ ಅಂದುಕೊಂಡೆ. ಸುವರ್ಣಾಳನ್ನು ಕರೆದು ತೋರಿಸಿದೆ. ಅವಳು ಬೆರಳಿನಿಂದ ಸವರಿ ನೋಡಿ, "ಹೌದಕ್ಕ, ಇಲ್ಲಿ ಕುಳಿ ಇಲ್ಲ" ಅಂದಳು. ಅಂದು ನನ್ನ ಉಗುರನ್ನು ಅವಳು ಮುಟ್ಟಿದಳು ಎಂಬುದು ಬಹಳ ಹೊತ್ತಿನ ಮೇಲೆ ಹೊಳೆಯಿತು.

ಇಷ್ಟರಲ್ಲಿ ಅಕ್ಕನ ಮಗಳು ಭಾಗ್ಯಶ್ರೀಯ ಕುಬಸದ ಕಾರ್ಯ ಬಂತು. ಅವಳನ್ನು ಜೇವರ್ಗಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮಡಿಲು ತುಂಬುವ ಕಾರ್ಯ. ಬಳೆ ನಮ್ಮ ಅಂಗಡಿಯದೇ, ಇಡುವವಳೂ ನಾನೇ ಎಂದು ಭಾಗ್ಯಶ್ರೀ ಫೋನಿನಲ್ಲಿ ಹಟ ಹಿಡಿದಿದ್ದಳು. ಉಗುರು ಆಗ ಅರ್ಧ ಸರಿಯಾಗಿತ್ತು, ಅರ್ಧ ಹಾಗೇ ಇತ್ತು. ಸುವರ್ಣಾಳನ್ನು ಕಳಿಸುತ್ತೇನೆ ಅಂದೆ. "ಚಿಗವ್ವಾ, ನೀ ಬರಲಿಲ್ಲಂದ್ರ ನಾ ಬರಿಗೈಲೆ ಕೂಡ್ತೇನಿ" ಅಂದಳು. ಬರಿಗೈ ಎಂಬ ಮಾತು ಕೇಳಿ ಹೊರಟೆ.

ಭಾಗ್ಯಶ್ರೀಯ ಅತ್ತೆ ಕಾಶೀಬಾಯಿ ಎತ್ತರದ ಗಂಭೀರ ಹೆಂಗಸು. ಬಿಸಿಲಿನ ದಿನದಲ್ಲೂ ಮುಂಗೈವರೆಗೆ ಬರುವ ಉದ್ದ ತೋಳಿನ ಕುಪ್ಪಸ. ಜೇವರ್ಗಿಯ ಮನೆಯ ಬಾಗಿಲಲ್ಲಿ ಅಕ್ಕನನ್ನೂ ನನ್ನನ್ನೂ ಕರೆದು ನೀರು ಕೊಡುವಾಗಲೇ ಅವರ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು. ಬಿದ್ದದ್ದು ಏಳಲಿಲ್ಲ. ನಾನು ಬಳೆಯ ಬುಟ್ಟಿ ಬಿಚ್ಚಿದೆ, ನೋಡಿದರು. ಅಕ್ಕನ ಜೊತೆ ಮಾತಾಡಿದೆ, ಅಲ್ಲಿಂದಲೂ ನೋಡಿದರು. ಬಸುರಿಯ ಕೈ ಮುಟ್ಟಬೇಡ ಎಂದು ಹೇಳಲು ಹೊತ್ತು ನೋಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಎಲ್ಲರೆದುರು ಅನ್ನಿಸಿಕೊಳ್ಳುವುದಕ್ಕಿಂತ ನಾನೇ ಎದ್ದು ಹೋಗುವುದು ಮೇಲು ಎಂದು ಬುಟ್ಟಿ ಮುಚ್ಚುವಷ್ಟರಲ್ಲಿ ಕಾಶೀಬಾಯಿ ಹತ್ತಿರ ಬಂದು, "ಜರಾ ಹಿತ್ತಲಕ ಬರ್ರಿ" ಅಂದರು.

ಹಿತ್ತಲಲ್ಲಿ ಯಾರೂ ಇರಲಿಲ್ಲ. ಅವರು ಬಾಗಿಲು ಮುಂದಕ್ಕೆ ತಳ್ಳಿದರು.

"ನಿಮ್ಮ ಉಗುರಿಗಿ ಏನಾಗ್ಯದರಿ?"

ಬಾಗಿಲಲ್ಲಿ ಸಿಕ್ಕಿತ್ತು ಎಂದು ಈ ಸಲ ಹೇಳಲಿಲ್ಲ. "ಸೋರಿಯಾಸಿಸ್ ಅಂತಾರ್ರಿ. ಮುಟ್ಟಿದ್ರ ಬರೂದಿಲ್ಲ. ನಿಮಗ ಬ್ಯಾಡಂದ್ರ ನಾ ಬಳಿ ಇಡೂದಿಲ್ಲ. ಆದರ ಆ ಹುಡುಗಿ ಮುಂದ ನನಗ ಏನೂ ಅನಬ್ಯಾಡ್ರಿ" ಎಂದು ಒಂದೇ ಉಸಿರಿಗೆ ಹೇಳಿದೆ. ದನಿ ಗಟ್ಟಿಯಾಗಿಯೇ ಬಂದಿತ್ತು.

ಅವರು ಎಡಗೈಯ ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು. ಮೊಣಕೈ ತುಂಬ ಬೆಳ್ಳಗಿನ ಹೊಟ್ಟು ಕಟ್ಟಿದ ಕೆಂಪು ಮಚ್ಚೆಗಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಮೊಣಕಾಲು ತೋರಿಸಿದರು. ಅಲ್ಲಿಯೂ ಅದೇ.

"ಭಾಳ ವರ್ಷ ಆತು" ಅಂದರು. "ಮನ್ಯಾಗ ಒಬ್ಬರಿಗೂ ಗೊತ್ತಿಲ್ಲ. ಮುಟ್ಟಿದ್ರ ಬರೂದಿಲ್ಲ ಅಂತ ಖರೇನೇ ಅಂದಾರೇನ್ರಿ?"

"ಖರೇನೇ ಅಂದಾರ್ರಿ."

"ನಿಮಗ ಸಮಾಧಾನ ಆಗಲಿ ಅಂತ ಅಂದಿರಬೇಕು."

"ನಾನೂ ಹಂಗೇ ತಿಳಕೊಂಡಿದ್ದೆ. ನನ್ನ ನೆಗೆಣಿ ದಿನಾ ನನ್ನ ಕೂಡ ಇರ್ತಾಳ, ಆಕಿಗಿ ಏನೂ ಆಗಿಲ್ಲ. ನನ್ನ ಗಂಡಗ ಏನೂ ಆಗಿಲ್ಲ."

ಕಾಶೀಬಾಯಿ ತೋಳನ್ನು ಕೆಳಗೆಳೆದುಕೊಂಡರು. "ಮೊಮ್ಮಗಾ ಬರ್ತದ" ಅಂದರು. "ಎತ್ಕೋಬಾರದು ಅಂತ ಮಾಡೀನಿ. ಮಂದಿ ಕೇಳಿದ್ರ ಸೊಂಟ ನೋಯ್ತದ ಅಂತ ಹೇಳಿದ್ರಾತು ಅಂತ."

ನಾನು ಏನು ಹೇಳಿದೆನೋ ಈಗ ನೆನಪಿಲ್ಲ. ನನ್ನ ಎರಡೂ ಕೈಗಳಿಂದ ಅವರ ಮೊಣಕೈ ಹಿಡಿದುಕೊಂಡದ್ದು ನೆನಪಿದೆ. ಅವರು ಬೆಚ್ಚಿದರು, ಆದರೆ ಬಿಡಿಸಿಕೊಳ್ಳಲಿಲ್ಲ.

ಒಳಗೆ ಹೋದ ಮೇಲೆ ಭಾಗ್ಯಶ್ರೀಗೆ ನಾನೇ ಬಳೆ ಇಟ್ಟೆ. ಬಂದಿದ್ದ ಹೆಂಗಸರಿಗೆಲ್ಲ ಬಳೆ ಇಡುವ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆ ಮುಂದೆ ಮಾಡಿದರು. ಕಾಶೀಬಾಯಿ ಬಂದು ನನ್ನ ಎದುರು ಕೂತು ಕೈ ಚಾಚಿದರು. ಉದ್ದ ತೋಳು ತೊಡಕಾಗುತ್ತದೆ, ಸ್ವಲ್ಪ ಮೇಲೇರಿಸಿಕೊಳ್ಳಿ ಎಂದು ಯಾರೋ ಅಂದರು. "ಇರಲಿ ಬಿಡ್ರಿ" ಎಂದು ನಾನೇ ಹೇಳಿ, ತೋಳು ಸರಿಸದೆ ಬಳೆ ಏರಿಸಿದೆ.

ಒಂದು ವಾರದ ಮೇಲೆ ಗಾಣಗಾಪುರದ ದೇವರಿಗೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಕಾಶೀಬಾಯಿ ಕಲಬುರಗಿಗೆ ಬಂದರು. ನಾನು ಬಸ್ ನಿಲ್ದಾಣದಲ್ಲಿ ಕಾದಿದ್ದು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮನನ್ನು ನೋಡಿದ್ದೇ ನನ್ನ ಕಿವಿಯಲ್ಲಿ, "ಇಷ್ಟು ಸಣ್ಣಾಕಿ ಇದ್ದಾಳ, ಓದ್ಯಾಳೇನು?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದ ಮೇಲೂ ಮುಲಾಮಿನ ಡಬ್ಬಿಯನ್ನು ಹೊರಳಿಸಿ ಹೊರಳಿಸಿ ನೋಡಿ, ಇದು ಸರಿಯಾದದ್ದೇ ಹೌದೋ ಅಲ್ಲವೋ ಎಂದು ಕೇಳುತ್ತಲೇ ಇದ್ದರು. ನಾನು ಉತ್ತರ ಕೊಡುತ್ತಲೇ ಇದ್ದೆ.

ನನ್ನ ಉಗುರು ಪೂರ್ತಿ ಸರಿಯಾಗಿಲ್ಲ. ಚಳಿಗಾಲ ಬಂದರೆ ಎರಡು ಬೆರಳಲ್ಲಿ ಮತ್ತೆ ಕುಳಿ ಬೀಳುತ್ತವೆ, ಮತ್ತೆ ಹೋಗುತ್ತವೆ. ಅಂಗಡಿಯಲ್ಲಿ ನಾನು ಮುಂದೆಯೇ ಕೂರುತ್ತೇನೆ. ಯಾರಾದರೂ ನೋಡಿದರೆ, ಅವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕೆಲವರು ಕೈ ಕೊಡುತ್ತಾರೆ. ಕೆಲವರು ಸುವರ್ಣಾಳ ಕಡೆ ತಿರುಗುತ್ತಾರೆ. ಈಗ ಅವಳ ಕೈಯೂ ಪಳಗಿದೆ.

ಭಾಗ್ಯಶ್ರೀ ಆಳಂದದಲ್ಲಿ ಅಕ್ಕನ ಮನೆಯಲ್ಲಿ ಹೆತ್ತಳು. ಹೆಣ್ಣು ಕೂಸು. ತೊಟ್ಟಿಲು ಹಾಕುವ ದಿನ ಕಾಶೀಬಾಯಿ ಬಂದು ಕೂಸಿನಿಂದ ದೂರ, ಬಾಗಿಲ ಹತ್ತಿರ ಕೂತರು. ಅಕ್ಕ ಕೂಸನ್ನು ತಂದು ಮುಂದೆ ಹಿಡಿದಳು. ಅವರು ಕೂಸನ್ನು ನೋಡಲಿಲ್ಲ, ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ಎರಡೂ ಕೈ ಚಾಚಿ ಮೊಮ್ಮಗಳನ್ನು ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ನೆರೆಮನೆಯ ಮುದುಕಿಯೊಬ್ಬಳು, "ನನ್ನ ಕೈಯಾಗೂ ಕೊಡ್ರಿ, ನೋಡ್ತೇನಿ" ಎಂದು ಕೈ ಮುಂದೆ ಮಾಡಿದಳು.

"ಜರಾ ತಡೀರಿ," ಕಾಶೀಬಾಯಿ ಕೂಸನ್ನು ಎದೆಗೆ ಹತ್ತಿರ ಎಳೆದುಕೊಂಡರು. "ಈಗಷ್ಟ ತಗೊಂಡೇನಿ."